ದಿನಕರ ದೇಸಾಯರು ಅಂದ್ರೆ ಬರೀ ಚುಟುಕಾನಾ? ಅಂಕೋಲೆ ಕಡೆಯವ್ರು ಸ್ವಲ್ಪ ಹೇಳಿ

ಕೇಣಿಗದ್ದೆ:
ನಮಸ್ಕಾರ ಎಲ್ರಿಗೂ. ನಮ್ ಶಾಲೆ ಹಳೇ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರ್ತಾ ಇದ್ದಾರೆ, ದಿನಕರ ದೇಸಾಯರ ಮೇಲೆ ನಾಲ್ಕು ಪುಟ ನೀವೇ ಬರೀಬೇಕು ಅಂತ ನನ್ನ ತಲೆಗೆ ಕಟ್ಟಿದ್ರು. ಹೂಂ ಅಂದ್ಬಿಟ್ಟೆ. ಈಗ ಕೂತು ಬರೀಲಿಕ್ಕೆ ಹೋದ್ರೆ ಬರೋದು ಅದೇ ಭಾಷಣದ ಮಾತು, ಚುಟುಕ ಬ್ರಹ್ಮ, ಬಡವರ ಬಂಧು, ಶಿಕ್ಷಣ ಪ್ರೇಮಿ. ಪ್ರತಿ ಸೆಪ್ಟೆಂಬರ್ 10ಕ್ಕೆ, ಅವ್ರ ಹುಟ್ಟಿದ ದಿನ, ಫೋಟೋಕ್ಕೆ ಹಾರ ಹಾಕಿ ನಾವು ಹೇಳೋದೇ ಇದು.

ಕಟ್ಟುನಿಟ್ಟಾಗಿ ಗೊತ್ತಿರೋದು ಬರ್ಕೊಂಡಿದ್ದೇನೆ. 1909ರಲ್ಲಿ ಅಂಕೋಲೆ ತಾಲೂಕು ಅಲಗೇರಿಯಲ್ಲಿ ಹುಟ್ಟಿದ್ದು, ಮೈಸೂರಲ್ಲಿ ಬಿಎಂಶ್ರೀ ಕೈಕೆಳಗೆ ಓದಿದ್ದು, ಆಮೇಲೆ ಮುಂಬೈಯಲ್ಲಿ ಎಂಎ, ಕಾನೂನು, ಅಲ್ಲಿಂದ ಭಾರತ ಸೇವಕ ಸಮಾಜ, ರೈತ ಚಳವಳಿ, ಗಡಿಪಾರು, 1953ಕ್ಕೆ ಕೆನರಾ ವೆಲ್‌ಫೇರ್ ಟ್ರಸ್ಟ್, 'ಜನಸೇವಕ' ವಾರಪತ್ರಿಕೆ, 1967ಕ್ಕೆ ಪಕ್ಷೇತರ ಎಂಪಿ, 1982ಕ್ಕೆ ತೀರ್ಕೊಂಡಿದ್ದು. ಇದ್ರ ಮಧ್ಯೆ ಸಾವಿರಗಟ್ಟಲೆ ಚೌಪದಿ. ಒಬ್ಬ ಮನುಷ್ಯ ಇಷ್ಟೆಲ್ಲ ಮಾಡ್ದಾಗ ಕವಿತೆಗೆ ಟೈಮ್ ಎಲ್ಲಿತ್ತು, ಅದ್ಕೇ ನಾಲ್ಕು ಸಾಲಿಗೆ ಇಳಿದ್ರು ಅಂತ ಬರೆದ್ರೆ ತಪ್ಪಾ? ನಂಗೆ ಹಾಗೇ ಅನಿಸ್ತಾ ಇದೆ. ಆದ್ರೆ ಬರೆದು ಬೈಸ್ಕೊಳ್ಳೋದಕ್ಕಿಂತ ಮೊದ್ಲೇ ಇಲ್ಲಿ ಕೇಳೋಣ ಅಂತ.

ಘಟ್ಟದ ಮೇಲಿನ ಮಾಣಿ:
ತಪ್ಪೇನಿಲ್ಲ, ಧೈರ್ಯವಾಗಿ ಬರೀರಿ. ನಾ ಶಿರಸಿಯವ. ನಂಗೆ ಅವ್ರ ಮೇಲೆ ಗೌರವ ಇಲ್ಲ ಅಂತಲ್ಲ, ಆದ್ರೆ ಗೌರವ ಇದೆ ಅಂತ ಎಲ್ಲಾನೂ ಕಾವ್ಯ ಅನ್ನಲಿಕ್ಕೆ ಆಗೂದಿಲ್ಲ ಮಾರಾಯ್ರೆ. 'ದಾಸಾಳ', 'ಹೂಗೊಂಚಲು' ಓದಿ, ಅಲ್ಲಿ ಒಬ್ಬ ಭಾವಗೀತೆಯ ಕವಿ ಇದ್ದ. ಮುಂದೆ ಅವ ಕಾಣೆಯಾದ. ವಾರ ವಾರ ಮಂತ್ರಿ, ಲಂಚ, ಓಟು, ರೇಶನ್ನು ಅಂತ ನಾಲ್ಕು ಸಾಲು ಪ್ರಾಸ ಕೂಡ್ಸಿದ್ರೆ ಆ ವಾರ ನಗು ಬರ್ತದೆ, ಮುಂದಿನ ವಾರ ಮಂತ್ರಿಯೂ ಬದ್ಲು ಚುಟುಕವೂ ಹಳತು. ಇಡೀ ಗಂಟು ಬಿಚ್ಚಿ ಓದಿದವ್ರು ಎಷ್ಟು ಜನ ಇದ್ದಾರೆ ಇಲ್ಲಿ? ನಾ ಓದಿದ್ದೇನೆ. ನನ್ ಲೆಕ್ಕದಲ್ಲಿ ಹತ್ತಕ್ಕೆ ಏಳು ಬಿಡಬಹುದು.

ಇನ್ನೊಂದು. ಧಾರವಾಡದವ್ರು 1933ಕ್ಕೇ ಮನೋಹರ ಗ್ರಂಥಮಾಲೆ ಕಟ್ಟಿದ್ರು, ಹೆಗ್ಗೋಡಿನಲ್ಲಿ ಸುಬ್ಬಣ್ಣ 1957ಕ್ಕೆ ಅಕ್ಷರ ಪ್ರಕಾಶನ ಅಂದ್ರು. ನಿಮ್ ಕರಾವಳಿಯವ್ರು ಎಂತ ಕಟ್ಟಿದ್ದು? ವಾರಪತ್ರಿಕೆ. ಓದಿ ಮೀನು ಕಟ್ಟೋ ಕಾಗದ. (ತಮಾಷೆಗೆ ಹೇಳಿದ್ದು, ಬೈಬೇಡಿ.)

ಕಾಳಿ ಸೇತುವೆ:
ಬೈತೇವೆ 😄 ನಮ್ಮನೇಲಿ ಮಾತಾಡೋದು ಕೊಂಕಣಿ, ಕನ್ನಡ ಅಂದ್ರೆ ಮೊದ್ಲು ಬಾಯಿಗೆ ಬಂದಿದ್ದೇ ಗಡಿಯಾರದ ಪದ್ಯ, ಗಂಟೆಯ ನೆಂಟ. ಅದು ದೇಸಾಯರದ್ದು ಅಂತ ಡಿಗ್ರಿ ಮುಗಿಯೋ ತನಕ ಗೊತ್ತೇ ಇರ್ಲಿಲ್ಲ ನಂಗೆ. ಬರೆದವ್ರ ಹೆಸ್ರು ಉದುರಿ ಹೋಗಿ ಪದ್ಯ ಮಾತ್ರ ಓಡಾಡ್ತಾ ಇದೆ ಅಂದ್ರೆ ಅದನ್ನ ಹತ್ತಕ್ಕೆ ಏಳರಲ್ಲಿ ಹಾಕ್ತೀರಾ ಮೂರರಲ್ಲಾ?

ಮೊಳೆ ಜೋಡಿಸಿದವ:
ಮೀನು ಕಟ್ಟೋ ಕಾಗದದ ಬಗ್ಗೆ ನಾ ಮಾತಾಡಬಹುದು, ಯಾಕಂದ್ರೆ ಅದನ್ನ ಅಚ್ಚು ಹಾಕ್ತಿದ್ದವ ನಾನು. 'ಜನಸೇವಕ' ಅಲ್ಲ, ಮೊದ್ಲೇ ಹೇಳ್ಬಿಡ್ತೇನೆ. ಬೇರೆ ಒಂದು ವಾರಪತ್ರಿಕೆ, ಹೆಸ್ರು ಬೇಡ, ಮಾಲಕರು ಈಗಿಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ 1979ಕ್ಕೆ ಕಂಪೋಸಿಂಗ್, ಅಂದ್ರೆ ಸೀಸದ ಅಕ್ಷರದ ಮೊಳೆ ಜೋಡಿಸೋದು, ಕಲೀಲಿಕ್ಕೆ ಸೇರಿದ್ದು. ಎಡಗೈಯಲ್ಲಿ ಸಾಲು ಕೂಡಿಸೋ ಸ್ಟಿಕ್ಕು, ಬಲಗೈ ಮೊಳೆ ತುಂಬಿದ ಕೇಸಿನ ಮೇಲೆ, ಅಕ್ಷರ ಎಲ್ಲಾ ಉಲ್ಟಾ. ಇಂಗ್ಲಿಷ್ ಆದ್ರೆ ಇಪ್ಪತ್ತಾರು ಅಕ್ಷರ ಮುಗೀತು, ಕನ್ನಡಕ್ಕೆ ಗುಣಿತ ಬೇರೆ ಒತ್ತು ಬೇರೆ, ಒತ್ತಿನ ಮೊಳೆ ಒಂದೊಂದಾಗಿ ಹುಡುಕಿ ಕೂಡಿಸ್ಬೇಕು, ಸಂಪಾದಕೀಯದಲ್ಲಿ ಸಂಸ್ಕೃತ ಶಬ್ದ ಜಾಸ್ತಿ ಆದಷ್ಟೂ ನಮ್ಗೆ ಸಂಕಟ. ಕೆಲವು ಒತ್ತು ಎರಡನೇ ಕಾಲಮ್ಮಿಗೇ ಖಾಲಿ ಆಗ್ತಿತ್ತು, ಆಗ ಒಳಗೆ ಹೋಗಿ ಸರ್ ಈ ಶಬ್ದ ಬದ್ಲಿ ಮಾಡಿ ಮೊಳೆ ಇಲ್ಲ ಅನ್ನಬೇಕು. ಅವ್ರು ಬೈತಾ ಬೈತಾ ಸುಲಭದ ಶಬ್ದ ಹಾಕ್ತಿದ್ರು. ಪತ್ರಿಕೆ ಭಾಷೆ ಸುಧಾರಿಸಿದ್ದರಲ್ಲಿ ನಮ್ ಪಾಲೂ ಇದೆ!

ಒಂದ್ಸಲ ಜುಲೈ ತಿಂಗಳು. ಕಾರವಾರದ ಮಳೆ ಗೊತ್ತಲ್ಲ, ಕಾಗದ ಎಲ್ಲ ತಂಡಿ ಹಿಡಿದು ಹಪ್ಪಳದ ಹಾಗೆ ಮುದುಡಿತ್ತು, ಕರೆಂಟ್ ಇಲ್ಲ, ಕಂದೀಲು. ಬೆಳಿಗ್ಗೆ ಟಪಾಲಿಗೆ ಹೋಗ್ಬೇಕು. ಮುಖಪುಟದ ಗ್ಯಾಲಿ (ಜೋಡಿಸಿದ ಮೊಳೆ ಇಡೋ ತಟ್ಟೆ) ಎತ್ತಿ ತರ್ತಿದ್ದೆ, ಹೊಸ್ತಿಲಲ್ಲಿ ಸೋರಿದ ನೀರು, ಕಾಲು ಜಾರ್ತು. ಇಡೀ ಗ್ಯಾಲಿ ನೆಲಕ್ಕೆ. ಮೊಳೆ ಎಲ್ಲ ಅಕ್ಕಿ ಚೆಲ್ಲಿದ ಹಾಗೆ. ಮಾಲಕರು ಒಂದು ಮಾತೂ ಆಡ್ಲಿಲ್ಲ, ಅದೇ ಹೆದರಿಕೆ. ಮತ್ತೆ ಕೂತ್ಕೊಂಡೆ. ಸಂಪಾದಕೀಯದ ಕೈಬರಹ ಎಲ್ಲೋ ಒದ್ದೆಯಾಗಿ ಶಾಯಿ ಹರಡಿತ್ತು, ಅರ್ಧ ಓದ್ಲಿಕ್ಕೆ ಆಗ್ಲಿಲ್ಲ, ಅರ್ಧ ಬಿಟ್ಟೇ ಹಾಕಿದ್ವಿ. ಮೂಲೆಯ ಚುಟುಕಕ್ಕೆ ಮಾತ್ರ ಕೈಬರಹ ನೋಡೋದೇ ಬೇಕಾಗ್ಲಿಲ್ಲ. ಒಂದ್ಸಲ ಜೋಡಿಸಿದ್ದು ತಲೇಲೇ ಕೂತಿತ್ತು, ನಾಲ್ಕು ಸಾಲು ಕತ್ತಲಲ್ಲೇ ಕೂಡಿಸ್ದೆ. ಆ ಚುಟುಕ ಬರೆದವ್ರು ದೇಸಾಯರಲ್ಲ, ಊರಿನ ಒಬ್ರು ಮಾಸ್ತರು. ಆದ್ರೆ ಜಿಲ್ಲೆಯ ಪತ್ರಿಕೇಲಿ ಹಾಗೊಂದು ಮೂಲೆ ಇರ್ಬೇಕು ಅಂತ ಚಟ ಹಚ್ಚಿದ್ದು ದೇಸಾಯರೇ.

ಅದ್ಕೆ ಕೇಣಿಗದ್ದೆಯವ್ರೆ, ಟೈಮ್ ಇರ್ಲಿಲ್ಲ ಅದ್ಕೇ ಸಣ್ಣದು ಬರೆದ್ರು ಅಂತ ಬರೀಬೇಡಿ. ವಾರಪತ್ರಿಕೆ ಅಂದ್ರೆ ನಾಲ್ಕೋ ಎಂಟೋ ಪುಟ, ಕಾಲಮ್ಮು ಇಷ್ಟೇ ಅಗಲ. ಆ ಅಗಲಕ್ಕೆ ಒಂದು ಸಾಲು, ಅಂಥ ನಾಲ್ಕು. ಪತ್ರಿಕೆಯವನಿಗೇ ಹೊಳೆಯೋ ಅಳತೆ ಅದು.

ಬಾಂಬೆ ಸ್ಟೀಮರ್:
ಮೊಳೆ ಜೋಡಿಸಿದವರು ಹೇಳಿದ್ದು ಓದಿ ಖುಷಿ ಆಯ್ತು. ನಾ ಮುಂಬೈಯಲ್ಲೇ ರಿಟೈರ್ ಆದವ, ಮೂಲ ಅಂಕೋಲೆ. ಎಲ್ರೂ ಮರೆಯೋ ಒಂದು ಭಾಗ ಹೇಳ್ತೇನೆ. ದೇಸಾಯರ ಕೆಲಸದ ಗರಡಿ ಮುಂಬೈ. ಗೋಖಲೆಯವ್ರು 1905ರಲ್ಲಿ ಪುಣೆಯಲ್ಲಿ ಶುರು ಮಾಡಿದ ಭಾರತ ಸೇವಕ ಸಮಾಜಕ್ಕೆ ಇವ್ರು ಸೇರಿದ್ದು 1930ರ ದಶಕದಲ್ಲಿ. ಅದರ ಸದಸ್ಯ ಆಗೋದು ಅಂದ್ರೆ ಸ್ವಂತಕ್ಕೆ ದುಡ್ಡು ಮಾಡೋ ಆಸೆ ಬಿಟ್ಟು, ಅವ್ರು ಕೊಟ್ಟಷ್ಟರಲ್ಲಿ ಹೊಟ್ಟೆ ಹೊರ್ಕೊಂಡು ಕೆಲ್ಸ ಮಾಡೋದು. ಅಲ್ಲಿ ಎನ್.ಎಂ. ಜೋಶಿ ಇದ್ರು, ಎಐಟಿಯುಸಿ ಅನ್ನೋ ಕಾರ್ಮಿಕ ಸಂಘಟನೆ ಕಟ್ಟಿದವ್ರಲ್ಲಿ ಒಬ್ರು. ಅವ್ರ ಜೊತೆ ಹಡಗಿನ ಕೆಲಸಗಾರರ ಸಂಘದಲ್ಲಿ ದುಡಿದ್ರು, ಹಡಗು ಕಾರ್ಮಿಕರ ಸ್ಥಿತಿ ಮೇಲೆ ಇಂಗ್ಲಿಷಲ್ಲಿ ಪುಸ್ತಕಾನೇ ಬರೆದಿದ್ದಾರೆ. ಚುಟುಕ ಮಾತ್ರ ಬರೀತಿದ್ದ ಮನುಷ್ಯ ಅಂತ ತಿಳಿದವ್ರು ಅದನ್ನೊಮ್ಮೆ ನೋಡ್ಬೇಕು, ಸಂಬಳ, ದುಡಿಯೋ ತಾಸು, ಭರ್ತಿ ಮಾಡೋರು ಹೊಡೆಯೋ ಲಂಚ, ಎಲ್ಲಾ ಲೆಕ್ಕ.

ಅಂಕೋಲೆ ಕಾಲೇಜಿಗೆ ಗೋಖಲೆ ಸೆಂಟಿನರಿ ಅಂತ ಯಾಕೆ ಹೆಸ್ರು ಅಂತ ನಮ್ ಮೊಮ್ಮಕ್ಕಳು ಕೇಳ್ತಾರೆ. ಗೋಖಲೆ ಹುಟ್ಟಿದ್ದು 1866, ಕಾಲೇಜು ಶುರು ಆಗಿದ್ದು 1966. ಗುರುವಿನ ಋಣ.

ನಮ್ ಅಪ್ಪ ಕಾರವಾರದಿಂದ ಸ್ಟೀಮರ್ ಹತ್ತಿ ಬಾಂಬೆಗೆ ಬಂದವ್ರು, ಹೋಟೆಲಲ್ಲಿ ಕಪ್ಪು ಬಶಿ ತೊಳೀತಿದ್ರು. ಅವ್ರಿಗೆ ಊರಿನ ಸುದ್ದಿ ಬರ್ತಿದ್ದಿದ್ದು ವಾರಪತ್ರಿಕೇಲೇ. ಒಂದು ಪ್ರತಿ ಬಂದ್ರೆ ಖೋಲಿಯಲ್ಲಿ ಹತ್ತು ಜನ ಓದೋರು.

ಗಜನಿ ಅಂಚು:
ಎಲ್ಲ ಚೆನ್ನಾಗಿ ಹೇಳಿದ್ರಿ ಆದ್ರೆ ನಂದೊಂದು ತಕರಾರು ಇದೆ. ರೈತ ಚಳವಳಿ ಅಂದ ಕೂಡ್ಲೇ ದೇಸಾಯರು ಮಾಡಿದ್ರು, ದೇಸಾಯರು ಕಟ್ಟಿದ್ರು. ನಮ್ಮಜ್ಜ ಗೇಣಿ ಮಾಡಿದವ, ಅಘನಾಶಿನಿ ಬದಿ ಗಜನಿಯಲ್ಲಿ. ಗಜನಿ ಅಂದ್ರೆ ಘಟ್ಟದವ್ರಿಗೆ ಗೊತ್ತಿರ್ಲಿಕ್ಕಿಲ್ಲ, ಭರತ (ಕಡಲ ಉಬ್ಬರ) ಬಂದ್ರೆ ಉಪ್ಪು ನೀರು ನುಗ್ಗೋ ಗದ್ದೆ, ಅದ್ರಲ್ಲಿ ಬೆಳೆಯೋದು ಕಗ್ಗ ಭತ್ತ ಮಾತ್ರ, ಕಟ್ಟು ಒಡೆದ್ರೆ ರಾತ್ರೋರಾತ್ರಿ ಇಡೀ ಊರು ಹೋಗಿ ಮಣ್ಣು ಹಾಕ್ಬೇಕು. ಅಜ್ಜ ಹೇಳ್ತಿದ್ದ, ಅಳೆಯುವಾಗ ಒಡೇರ (ಜಮೀನ್ದಾರರ) ಮನೆ ಕೊಳಗವೇ ಬೇರೆ ನಮ್ ಕೊಳಗವೇ ಬೇರೆ ಅಂತ. ಗೇಣಿ ಅಳೆದು ಕೊಟ್ಟು ಬಂದ್ಮೇಲೆ ಆಯಿ ಖಾಲಿ ಕಣಜದ ಒಳಗೆ ಇಳಿದು ಗುಡಿಸೋಳಂತೆ, ಎರಡು ಸೇರು ಧೂಳು ಬೆರಕೆ ಭತ್ತ ಸಿಕ್ರೆ ಅವತ್ತಿನ ಗಂಜಿ. ಅದನ್ನ ಕೇರಿ ಕೇರಿ ಹಸನು ಮಾಡೋ ಹೊತ್ತಿಗೆ ಮಕ್ಕಳು ಮಲಗಿ ಬಿಡ್ತಿದ್ವಂತೆ.

ದೇಸಾಯರನ್ನ 1940ರಲ್ಲಿ ಬ್ರಿಟಿಷರು ಗಡಿಪಾರು ಮಾಡಿದ್ರಲ್ಲ, ಐದು ವರ್ಷ ಜಿಲ್ಲೆಗೆ ಕಾಲು ಇಡಂಗಿರ್ಲಿಲ್ಲ. ಆ ಐದು ವರ್ಷ ಒಡೇರ ಎದುರು ನಿಂತವ್ರು ಯಾರು ಹಾಗಾದ್ರೆ? ಹೆಸರಿಲ್ಲದವ್ರು. ಅವ್ರಿಗೆ ಯಾವ ರಸ್ತೆ, ಯಾವ ಪುತ್ಥಳಿ?

ಘಟ್ಟದ ಮೇಲಿನ ಮಾಣಿ:
ಈ ಮಾತಿಗೆ ನಾ ಪೂರ್ತಿ ಒಪ್ತೇನೆ. ಒಬ್ಬ ನಾಯಕನನ್ನ ಮಾಡಿ ಉಳಿದವ್ರನ್ನ ಜನಸ್ತೋಮ ಮಾಡಿ ಬಿಡೋದು ನಮ್ ರೋಗ. ನಮ್ ಸಿದ್ದಾಪುರ ಕಡೆಯ ಕರನಿರಾಕರಣೆ ಕಥೇನೂ ಹಾಗೇ. ಮನೆ ಮಠ ಜಪ್ತಿ ಆದ ಹೆಂಗಸ್ರ ಹೆಸರು ಎಷ್ಟು ಜನ ಹೇಳ್ತಾರೆ.

ಮೊಳೆ ಜೋಡಿಸಿದವ:
ಗಜನಿ ಅಂಚು ಅವ್ರೆ, ತಕರಾರು ಸರಿ. ಆದ್ರೆ ಇದ್ರಲ್ಲಿ ಸ್ವಲ್ಪ ಕೆಲ್ಸ ಆಗಿದೆ. ಅಂಬಾರಕೊಡ್ಲದ ವಿಷ್ಣು ನಾಯ್ಕರು ಜಿಲ್ಲೆಯ ರೈತ ಹೋರಾಟದ ಬಗ್ಗೆ ಪುಸ್ತಕ ಮಾಡಿದ್ದಾರೆ, ಹುಡುಕಿ ನೋಡಿ. ಘಟ್ಟದವ್ರು ಕರಾವಳಿಯವ್ರು ಎಂತ ಕಟ್ಟಿದ್ದು ಅಂತ ಕೇಳಿದ್ರಲ್ಲ, ಅದ್ಕೂ ಇದೇ ಉತ್ತರ. ಅವ್ರದ್ದು ರಾಘವೇಂದ್ರ ಪ್ರಕಾಶನ, ಅಂಕೋಲೆಯ ಹಳ್ಳಿಯಿಂದ ನಡೆದಿದ್ದು. ಸ್ವತಃ ಕವಿ, ನಾಟಕದವ್ರು, 'ಸಕಾಲಿಕ' ಅಂತ ಪತ್ರಿಕೆ ಬೇರೆ. ದೇಸಾಯರು ಚದುರಿ ಹೋಗದ ಹಾಗೆ ಹಿಡಿದಿಟ್ಟವ್ರಲ್ಲಿ ಅವ್ರೇ ಮುಂದೆ. 2024ರ ಫೆಬ್ರವರಿಯಲ್ಲಿ ತೀರ್ಕೊಂಡ್ರು. ಸಣ್ಣ ಊರಿನ ಪ್ರಕಾಶನ ಅಂದ್ರೆ ಏನು ಅಂತ ಅಚ್ಚಿನ ಕೆಲ್ಸದಲ್ಲಿದ್ದ ನಂಗೆ ಗೊತ್ತು. ಪುಸ್ತಕ ಅಚ್ಚಾಗೋದು ಅರ್ಧ ಕೆಲ್ಸ, ಉಳಿದರ್ಧ ಕಟ್ಟು ಕಟ್ಟಿ ಅಟ್ಟದ ಮೇಲಿಟ್ಟು ಮಳೆಗಾಲ ಪೂರ್ತಿ ಗೆದ್ದಲು ನೋಡೋದು. ದುಡ್ಡು ಮಾಡಿದವ್ರನ್ನ ನಾ ಕಂಡಿಲ್ಲ.

ಕಾಳಿ ಸೇತುವೆ:
ಹೊನ್ನಾವರ ಕಡೆಯ ಆರ್.ವಿ. ಭಂಡಾರಿಯವ್ರನ್ನೂ ಸೇರಿಸಿ. ಬಂಡಾಯ ಸಾಹಿತ್ಯದವ್ರು, ಬರೀತಾ ಹೋರಾಟ ಮಾಡ್ತಾ ಇದ್ದವ್ರು. ಹಾಗೆ ನೋಡಿದ್ರೆ ನಮ್ ಜಿಲ್ಲೇಲಿ ಬರೆಯೋರು ಬರೀ ಬರೀತಾ ಕೂತಿದ್ದೇ ಕಡಿಮೆ, ಒಂದೋ ಮಾಸ್ತರು ಒಂದೋ ಪತ್ರಿಕೆ ಒಂದೋ ಜೈಲು. ಗೋಕರ್ಣದ ಗೌರೀಶ ಕಾಯ್ಕಿಣಿಯವ್ರೂ ಹೈಸ್ಕೂಲ್ ಮಾಸ್ತರೇ, 'ಜನಸೇವಕ'ಕ್ಕೂ ಬರೀತಿದ್ರು. ಬಂಕಿಕೊಡ್ಲದಲ್ಲಿ ಕವಿ ಎಕ್ಕುಂಡಿ ಮಾಸ್ತರು.

ಗಜನಿ ಅಂಚು:
ಪುಸ್ತಕದ ವಿಷ್ಯ ಹೇಳಿದ್ದಕ್ಕೆ ಉಪಕಾರ ಆಯ್ತು, ಹುಡುಕ್ತೇನೆ. ತಕರಾರು ಮಾಡಿದೆ ಅಂತ ದೇಸಾಯರ ಮೇಲೆ ಸಿಟ್ಟು ಅನ್ಕೋಬೇಡಿ. ನಮ್ಮನೆ ಕಥೆ ಇನ್ನರ್ಧ ಇದೆ, ಅದನ್ನೂ ಹೇಳ್ಬಿಡ್ತೇನೆ.

ಅಜ್ಜ ಅಕ್ಷರ ಕಲಿತಿದ್ದು ಮದುವೆ ಆದ್ಮೇಲೆ. ರಾತ್ರಿ ಶಾಲೆ, ಚಿಮಣಿ ಬುಡ್ಡಿ. ದೊಡ್ಡ ಲೇಖನ ಓದ್ಲಿಕ್ಕೆ ಆಗ್ತಿರ್ಲಿಲ್ಲ, ಎರಡು ಸಾಲು ಓದೋವಾಗ ಮೊದಲನೇ ಸಾಲು ಮರೀತದೆ ಅಂತಿದ್ದ. ಅದ್ಕೇ ಪೇಪರ್ ಬಂದ್ರೆ ಮೊದ್ಲು ಚುಟುಕ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ತಪ್ಪಿದ್ರೆ ಪ್ರಾಸವೇ ಹೇಳಿಕೊಡ್ತಿತ್ತು ಅವ್ನಿಗೆ, ಇದು ಹೀಗಿರ್ಲಿಕ್ಕಿಲ್ಲ ಮೇಲಿಂದಕ್ಕೆ ಕೂಡೂದಿಲ್ಲ ಅಂತ ತಿರುಗಿ ಓದ್ತಿದ್ದ. ಮುಗಿದ್ಮೇಲೆ ಕಣದಲ್ಲಿ ಎಲ್ರಿಗೂ ಬಾಯಿಪಾಠ ಒಪ್ಪಿಸ್ತಿದ್ದ, ತಾನೇ ಕಟ್ಟಿದ ಹಾಗೆ. ಕೆಲವದ್ರಲ್ಲಿ ಹೆಸ್ರು ಬದ್ಲು ಮಾಡಿ ನಮ್ಮೂರ ಒಡೇರ ಹೆಸ್ರು ಹಾಕ್ತಿದ್ದ, ಅದು ದೇಸಾಯರಿಗೆ ಗೊತ್ತಿದ್ರೆ ಏನನ್ತಿದ್ರೋ.

1974ರ ಕಾಯ್ದೆ ಬಂತಲ್ಲ, ಉಳುವವನಿಗೇ ಭೂಮಿ ಅಂತ, ಆಗ 7ನೇ ನಂಬರ್ ಫಾರ್ಮ್ ತುಂಬಿ ಡಿಕ್ಲರೇಶನ್ ಕೊಡ್ಬೇಕಿತ್ತು. ಕೇರಿಯಲ್ಲಿ ಭಾಳ ಜನ ಹೆದರಿ ಕೊಡ್ಲಿಲ್ಲ, ಒಡೇರ ಮುಖ ನೋಡ್ಬೇಕಲ್ಲ ನಾಳೆ ಅಂತ. ಅಜ್ಜ ಕೊಟ್ಟ. ಫಾರ್ಮ್ ತಾನೇ ಓದಿ, ಹೆಬ್ಬೆಟ್ಟು ಬೇಡ ಅಂತ ಸಹಿ ಹಾಕಿ ಕೊಟ್ಟ. ಟ್ರಿಬ್ಯೂನಲ್ಲಿಗೆ ಎಷ್ಟು ಸಲ ಅಲೆದನೋ, ಕಡೆಗೆ 28 ಗುಂಟೆ ನಮ್ ಹೆಸ್ರಿಗಾಯ್ತು. ಅವ್ನು ಸಹಿ ಹಾಕೋದು ಒಂದು ಆಟ, ಹೆಸರಿನ ಒತ್ತಕ್ಷರಕ್ಕೆ ಬಂದಾಗ ನಾಲಗೆ ಹೊರಗೆ ಹಾಕಿ ಉಸಿರು ಹಿಡಿದು ಬರೀತಿದ್ದ.

ಘಟ್ಟದ ಮೇಲಿನ ಮಾಣಿ:
...ಸರಿ. ಹತ್ತಕ್ಕೆ ಏಳು ಅಂದೆನಲ್ಲ, ಆ ಲೆಕ್ಕ ನಾ ಬಿಡೂದಿಲ್ಲ, ಆದ್ರೆ ಆ ಏಳು ನಿಮ್ ಅಜ್ಜನಿಗೆ ಬರೆದಿದ್ದು, ನಂಗಲ್ಲ ಅಂತ ತೋರ್ತದೆ. ನಾ ಅದನ್ನ ಗ್ರಂಥಾಲಯದಲ್ಲಿ ಫ್ಯಾನ್ ಕೆಳಗೆ ಒಟ್ಟಿಗೆ ಮುನ್ನೂರು ಓದಿದವ. ವಾರಕ್ಕೊಂದು ತಿನ್ನಬೇಕಾದ ಉಪ್ಪಿನಕಾಯಿ ಒಂದೇ ದಿನ ಭರಣಿ ಖಾಲಿ ಮಾಡಿ ರುಚಿ ಇಲ್ಲ ಅಂದ ಹಾಗಾಯ್ತು. 'ದಾಸಾಳ'ದ ಕವಿ ಕಾಣೆಯಾದ ಅನ್ನೋ ಬೇಜಾರು ಮಾತ್ರ ಇದೆ. ಆ ಹೆಸರೇ ನೋಡಿ, ದಾಸವಾಳ ಅನ್ಲಿಲ್ಲ, ಮನೆ ಮಾತಿನ ದಾಸಾಳ ಅಂದ. ಅಂಥ ಕಿವಿ ಇದ್ದವ ಇನ್ನೂ ಹತ್ತು ದೊಡ್ಡ ಪದ್ಯ ಬರೀಬಹುದಿತ್ತು.

ಬಾಂಬೆ ಸ್ಟೀಮರ್:
ಬರೆದಿದ್ದಾರಲ್ಲ, ತಮ್ಮ ದೇಹದ ಬೂದಿ ಬಗ್ಗೆ ಬರೆದ ಪದ್ಯ ಓದಿ ಮತ್ತೊಮ್ಮೆ. ಬೂದಿ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ದಾರೆ ನೋಡಿ, ಭತ್ತದ ಗದ್ದೆಗೆ. ಅದ್ರಲ್ಲಿ ನಿಮ್ ಭಾವಗೀತೆಯವನೂ ಇದ್ದಾನೆ, ಗೇಣಿ ಗದ್ದೆಯವನೂ ಇದ್ದಾನೆ. ಮತ್ತೆ ಎಂಪಿ ಆಗಿದ್ದು ಒಂದು ಸಾಲಲ್ಲಿ ಮುಗಿಸ್ಬೇಡಿ ಕೇಣಿಗದ್ದೆಯವ್ರೆ. 1967ರಲ್ಲಿ ಕಾಂಗ್ರೆಸ್ಸಿನ ವಿರುದ್ಧ ಪಕ್ಷೇತರ ನಿಂತು ಗೆಲ್ಲೋದು ಅಂದ್ರೆ ಸಾಮಾನ್ಯ ಅಲ್ಲ. ಆದ್ರೂ ಜನ ಅವ್ರನ್ನ ಎಂಪಿ ಅಂತ ನೆನಪು ಇಟ್ಟಿಲ್ಲ, ಶಾಲೆ ಅಂತ್ಲೇ. ನಮ್ ಕಡೆ ಜನತಾ ವಿದ್ಯಾಲಯ ಅಂದ್ರೆ ದೇಸಾಯರ ಶಾಲೆ.

ಕೇಣಿಗದ್ದೆ:
ಎಲ್ರಿಗೂ ದೊಡ್ಡ ನಮಸ್ಕಾರ. ಬರೆದಿದ್ದ ಮೂರು ಪುಟ ಹರಿದು ಹಾಕ್ದೆ, ಟೈಮ್ ಇರ್ಲಿಲ್ಲ ಅನ್ನೋ ಸಾಲು ಮೊದ್ಲು ಹೋಯ್ತು. ಕಾಲಮ್ಮಿನ ಅಗಲದಿಂದ ಶುರು ಮಾಡ್ತೇನೆ, ಆಮೇಲೆ ಗಜನಿ ಅಜ್ಜ, ಹುಟ್ಟಿದ ವರ್ಷ ಗಿರ್ಷ ಎಲ್ಲ ನಡುವೆ ಎಲ್ಲಾದ್ರೂ ಬರ್ಲಿ. ಮೊಳೆ ಜೋಡಿಸಿದವ್ರೆ, ಗ್ಯಾಲಿ ಬಿದ್ದ ಕಥೆ ಹಾಕ್ಕೊಳ್ಳಲಾ? ಪತ್ರಿಕೆ ಹೆಸ್ರು ಇಲ್ದೇನೇ. ಮತ್ತೆ ಗಜನಿ ಅಂಚು ಅವ್ರೆ, ಅಜ್ಜ ಓದ್ತಿದ್ದ ಹಳೇ ಸಂಚಿಕೆ ಮನೇಲಿ ಏನಾದ್ರೂ ಉಳಿದಿದ್ಯಾ? ಫೋಟೋ ಸಿಕ್ರೆ ಸಂಚಿಕೇಲಿ ಹಾಕಬಹುದಿತ್ತು.

ಮೊಳೆ ಜೋಡಿಸಿದವ:
ಹಾಕಿ. ಆದ್ರೆ ಕಾಲು ಜಾರ್ತು ಅಂತ ಬರೀರಿ, ನಿದ್ದೆಗಣ್ಣಲ್ಲಿದ್ದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಗಜನಿ ಅಂಚು:
ಸಂಚಿಕೆ ಅಂತ ಜೋಪಾನ ಮಾಡಿದ್ದು ಇಲ್ಲ. ಅಜ್ಜನ ಕರೀ ಪೆಟ್ಟಿಗೆ ಒಳಗೆ ತಳಕ್ಕೂ ಮುಚ್ಚಳಕ್ಕೂ ಗಂಜಿ ಹಚ್ಚಿ ಪೇಪರ್ ಅಂಟಿಸಿದ್ದ, ಅದು ಇದೆ. ಮುಚ್ಚಳದ ಕಡೆ ಒಂದು ಮೂಲೆ ಇನ್ನೂ ಓದ್ಲಿಕ್ಕೆ ಬರ್ತದೆ, ಯಾವ ಪತ್ರಿಕೆ ಅಂತ ನೋಡ್ಬೇಕು. ಪೆಟ್ಟಿಗೆ ದೊಡ್ಡಪ್ಪನ ಮನೆ ಅಟ್ಟದಲ್ಲಿ, ಅದ್ರ ಮೇಲೆ ಬಲೆ ಗಿಲೆ ಏನೇನೋ ಹೇರಿದ್ದಾರೆ. ಈ ಆದಿತ್ಯವಾರ ಹೋಗಿ ಇಳಿಸ್ತೇನೆ, ಇಲ್ಲೇ ಫೋಟೋ ಹಾಕ್ತೇನೆ.